ಯಾವ ಬೇಸರ ನಿಮ್ಮದು?

“ಸರ್, ಯಾವ ಕಾಂಬಿನೇಷನ್ ತಗೊಂಡ್ರೆ ನಾಲ್ಕೂವರೆ ಬಸ್ಸು ಸಿಗುತ್ತೆ?”

ಪದವಿ ಕಾಲೇಜಿನ ಅಡ್ಮಿಷನ್ ಮೇಜಿನ ಹಿಂದೆ ಕೂತ ಮೇಷ್ಟರು ದಿನಕ್ಕೆ ನೂರು ಪ್ರಶ್ನೆ ಕೇಳಿಸಿಕೊಳ್ಳುತ್ತಾರೆ. ಫೀಸೆಷ್ಟು, ಹಾಸ್ಟೆಲ್ ಸಿಗುತ್ತಾ, ಟಿ.ಸಿ. ಇವತ್ತೇ ಕೊಡಬೇಕಾ, ಜಾತಿ ಪ್ರಮಾಣಪತ್ರ ಹಳೆಯದಾದರೂ ನಡೆಯುತ್ತಾ. ಈ ಪ್ರಶ್ನೆಗೆ ಮಾತ್ರ ಪಕ್ಕದ ಗುಮಾಸ್ತರು ನಕ್ಕುಬಿಟ್ಟರು. ಹುಡುಗಿಯ ಅಪ್ಪನಿಗೆ ಮುಜುಗರವಾಯಿತು. “ಅವ್ಳಿಗೇನ್ ಗೊತ್ತಾಯ್ತದೆ ಸಾ, ನೀವೇ ಒಂದ್ ಒಳ್ಳೇದು ನೋಡಿ ಬರ್ದುಬುಡಿ” ಎಂದು ಅಂಕಪಟ್ಟಿಯ ಪ್ಲಾಸ್ಟಿಕ್ ಕವರನ್ನು ನನ್ನತ್ತ ತಳ್ಳಿದರು.

ನನಗೆ ನಗು ಬರಲಿಲ್ಲ. ತಾಲ್ಲೂಕು ಊರಿನ ಕಾಲೇಜಿನಲ್ಲಿ ಇದಕ್ಕಿಂತ ವ್ಯಾವಹಾರಿಕವಾದ ಪ್ರಶ್ನೆ ಇನ್ನೊಂದಿಲ್ಲ. ವಿಜ್ಞಾನ ತೆಗೆದುಕೊಂಡರೆ ಮಧ್ಯಾಹ್ನದ ಮೇಲೆ ಲ್ಯಾಬು. ಲ್ಯಾಬು ಮುಗಿಯುವ ಹೊತ್ತಿಗೆ ನಾಲ್ಕೂವರೆಯ ಬಸ್ಸು ಊರ ಕೆರೆ ಏರಿ ದಾಟಿರುತ್ತದೆ. ಮುಂದಿನ ಬಸ್ಸು ಕತ್ತಲಿಗೆ. ಬಸ್ಸಿಳಿದ ಮೇಲೆ ಮನೆಗೆ ಇನ್ನೂ ಒಂದೂವರೆ ಮೈಲಿ ನಡಿಗೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿನ ಕಾರಣ ಹೋಯಿತು. ಬಸ್ಸಿನ ವೇಳೆಯ ಕಾರಣ ಉಳಿಯಿತು. ಎಷ್ಟು ಹುಡುಗಿಯರು ಬಿ.ಎಸ್ಸಿ. ಬಿಟ್ಟು ಬಿ.ಎ.ಗೋ ಬಿ.ಕಾಂ.ಗೋ ಬಂದದ್ದು ಈ ವೇಳಾಪಟ್ಟಿಯಿಂದ ಎಂಬುದಕ್ಕೆ ಯಾವ ಇಲಾಖೆಯ ರಿಜಿಸ್ಟರಿನಲ್ಲೂ ಕಾಲಂ ಇಲ್ಲ.

ವಿದ್ಯಾರ್ಥಿಗಳು ವಿಷಯವನ್ನು ‘ಆಸಕ್ತಿ’ಯಿಂದ ಆರಿಸುತ್ತಾರೆ ಎಂದು ಮಾರ್ಗದರ್ಶನ ಶಿಬಿರಗಳಲ್ಲಿ ಭಾಷಣ ಮಾಡುತ್ತೇವೆ. ಆಸಕ್ತಿಗೆ ಮಾತಾಡುವ ಸರದಿ ಬರುವುದು ಅಂಕ, ಅಪ್ಪ, ಬಸ್ಸು, ಗೆಳತಿ, ಸೀಟು ಎಲ್ಲವೂ ಮಾತಾಡಿ ಮುಗಿಸಿದ ಮೇಲೆ. ಆ ಸಣ್ಣ ಸರದಿಯಲ್ಲಿ ಏನು ಕೇಳಿಕೊಳ್ಳಬೇಕು ಎಂಬುದೇ ಈ ಬರಹದ ವಿಷಯ.

ಐಚ್ಛಿಕ, ಕಾಂಬಿನೇಷನ್, ಮೇಜರ್

ಈ ಆಯ್ಕೆಗೆ ನಮ್ಮಲ್ಲಿ ಒಂದೊಂದು ಕಾಲಕ್ಕೆ ಒಂದೊಂದು ಹೆಸರು. ನಮ್ಮ ಮೇಷ್ಟರುಗಳು ‘ಐಚ್ಛಿಕ’ ಎನ್ನುತ್ತಿದ್ದರು. ಇಚ್ಛೆ ಇತ್ತೋ ಇಲ್ಲವೋ, ಹೆಸರಂತೂ ಐಚ್ಛಿಕ. ಆಮೇಲೆ ‘ಕಾಂಬಿನೇಷನ್’ ಬಂತು. ಪಿಸಿಎಂ, ಸಿಬಿಜೆಡ್, ಎಚ್‌ಇಪಿ, ಎಚ್‌ಇಕೆ ಎಂದು ಮೂರು ಮೂರು ಅಕ್ಷರಗಳ ಗುಂಪು. ಮಕ್ಕಳ ಹೆಸರಿಗೆ ಇನಿಷಿಯಲ್ ಅಂಟಿದ ಹಾಗೆ ಈ ಅಕ್ಷರಗಳೂ ಅಂಟಿಕೊಳ್ಳುತ್ತಿದ್ದವು. ಹೆಣ್ಣು ನೋಡಲು ಬಂದವರು “ಹುಡುಗಿ ಏನು ಓದಿದಾಳೆ?” ಎಂದರೆ, “ಸಿಬಿಜೆಡ್” ಎಂಬಷ್ಟರಲ್ಲಿ ಉತ್ತರ ಮುಗಿಯುತ್ತಿತ್ತು.

‘ಮೇಜರ್’ ಎಂಬ ಮಾತು ನಮ್ಮ ಊರುಗಳಿಗೆ ಬಂದದ್ದು ತೀರಾ ಈಚೆಗೆ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ತರಗತಿಗಳಿಗೆ ಎಲ್ಲರಿಗಿಂತ ಮೊದಲು ತಂದ ರಾಜ್ಯ ಕರ್ನಾಟಕ. 2021–22ನೇ ಸಾಲಿನಲ್ಲಿ ಮೂರು ವಿಷಯಗಳ ಜಾಗಕ್ಕೆ ಎರಡು ಬಂದವು. ಮೂರನೇ ವರ್ಷಕ್ಕೆ ಅದರಲ್ಲೊಂದು ಮೇಜರ್, ಇನ್ನೊಂದು ಮೈನರ್. ಜೊತೆಗೆ ಬೇರೆ ವಿಭಾಗದ ಒಂದು ‘ಓಪನ್ ಎಲೆಕ್ಟಿವ್’. ಬೇಕಾದವರಿಗೆ ನಾಲ್ಕನೇ ವರ್ಷದ ಆನರ್ಸ್. ಅದು ಮೈಗೂಡುವ ಮೊದಲೇ, ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿ ಬಂದು, 2024–25ರಿಂದ ಮೂರು ವರ್ಷದ ಪದವಿಯೂ ಮೂರು ವಿಷಯಗಳ ಪದ್ಧತಿಯೂ ಮರಳಿದವು. ಹೀಗಾಗಿ ಒಂದೇ ಮನೆಯಲ್ಲಿ ಅಕ್ಕ ಮೇಜರ್ ಓದಿದ್ದಾಳೆ, ತಂಗಿ ಕಾಂಬಿನೇಷನ್ ಓದುತ್ತಿದ್ದಾಳೆ. ಅಕ್ಕನ ಸಲಹೆ ತಂಗಿಗೆ ನಾಟುವುದಿಲ್ಲ.

‘ಮೇಜರ್’ ಎಂಬ ಮಾತು ಹುಟ್ಟಿದ್ದು ಅಮೆರಿಕದಲ್ಲಿ. 1877ರ ಸುಮಾರಿಗೆ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಕೈಪಿಡಿಯಲ್ಲಿ ‘ಮೇಜರ್’, ‘ಮೈನರ್’ ಎಂಬ ಪದಗಳು ಕಾಣಿಸಿಕೊಂಡವು. ಅದೇ ಕಾಲಕ್ಕೆ ಹಾರ್ವರ್ಡಿನಲ್ಲಿ ಚಾರ್ಲ್ಸ್ ಎಲಿಯಟ್ ಎಂಬ ಅಧ್ಯಕ್ಷರು, ಯಾವ ತರಗತಿಗೆ ಕೂರಬೇಕೆಂಬುದನ್ನು ವಿದ್ಯಾರ್ಥಿಯೇ ಗೊತ್ತುಮಾಡಿಕೊಳ್ಳಲಿ ಎಂದು ಬಾಗಿಲು ಪೂರ್ತಿ ತೆರೆದಿದ್ದರು. ಹುಡುಗರು ಸಂತೆಗೆ ಹೋದವರಂತೆ ಕೈಗೆ ಸಿಕ್ಕಿದ್ದನ್ನೆಲ್ಲ ಚೀಲಕ್ಕೆ ತುಂಬಿಕೊಂಡರು. 1909ರಲ್ಲಿ ಅವರ ಜಾಗಕ್ಕೆ ಬಂದ ಲಾರೆನ್ಸ್ ಲೊವೆಲ್, ಚೀಲದಲ್ಲಿ ಏನೇ ಇರಲಿ, ಒಂದು ಸಾಮಾನಾದರೂ ಮನೆಗೆ ಸಾಕಾಗುವಷ್ಟು ಇರಬೇಕು ಎಂಬ ನಿಯಮ ತಂದರು. ಮೇಜರ್ ಎಂಬುದು ಗಟ್ಟಿಯಾಗಿ ಬೇರೂರಿದ್ದು ಹೀಗೆ: ಮೊದಲು ಊರೆಲ್ಲ ಸುತ್ತು, ಆಮೇಲೆ ಒಂದು ಕಡೆ ಬಾವಿ ತೋಡು. ಅಲ್ಲಿನ ಬಹುಪಾಲು ಕಾಲೇಜುಗಳಲ್ಲಿ ಎರಡನೇ ವರ್ಷ ಮುಗಿಯುವ ತನಕ ಸುತ್ತಲು ಅವಕಾಶವಿದೆ. ನಮ್ಮಲ್ಲಿ ಬಾವಿ ತೋಡುವ ಜಾಗಕ್ಕೆ ಹದಿನೈದನೇ ವಯಸ್ಸಿಗೇ ಗೂಟ ಹೊಡೆದಾಗಿರುತ್ತದೆ.

ಇಳಿಜಾರಿನ ನೀರು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದೊಳಗೆ ಪಿಯು ಕಾಲೇಜಿನ ಅರ್ಜಿ. ಅಲ್ಲಿ ಪಿಸಿಎಂಬಿಯೋ, ಪಿಸಿಎಂಸಿಯೋ, ಸಿಇಬಿಎಯೋ, ಎಚ್‌ಇಪಿಎಸ್ಸೋ ಎಂದು ಬರೆದ ನಾಲ್ಕು ಅಕ್ಷರಗಳೇ ಮುಂದಿನ ಹಾದಿಯನ್ನು ಅರ್ಧ ಕಡಿದುಬಿಡುತ್ತವೆ. ವಿಜ್ಞಾನ ಓದಿದವರು ಮನಸ್ಸು ಬದಲಾಯಿಸಿ ಬಿ.ಎ., ಬಿ.ಕಾಂ.ಗೆ ಬರಬಹುದು. ಪ್ರತಿ ವರ್ಷ ಬರುತ್ತಾರೆ ಕೂಡ. ಕಲಾ ವಿಭಾಗದಲ್ಲಿ ಓದಿ, ಹತ್ತೊಂಬತ್ತನೇ ವಯಸ್ಸಿಗೆ “ನನಗೆ ಭೌತಶಾಸ್ತ್ರ ಓದಬೇಕು ಅನ್ನಿಸ್ತಿದೆ” ಎಂದವರಿಗೆ ದಾರಿಯಿಲ್ಲ. ಇಳಿಜಾರಿನ ನೀರಿನ ಹಾಗೆ, ಮೇಲಿನಿಂದ ಕೆಳಗೆ ಹರಿಯುತ್ತದೆ, ಮರಳಿ ಏರುವುದಿಲ್ಲ. ‘ಮೇಲು’, ‘ಕೆಳಗು’ ಎಂಬ ಮಾತು ಇಲ್ಲಿ ವಿಷಯದ ಬೆಲೆಯಲ್ಲ, ನಿಯಮದ ಓಟ. ಆದರೆ ಊರವರು ಅದನ್ನೇ ಬೆಲೆಯೆಂದು ಓದಿಕೊಂಡಿದ್ದಾರೆ. ಅದಕ್ಕೇ “ಯಾವುದಕ್ಕೂ ಇರಲಿ, ಸೈನ್ಸ್ ತಗೊ” ಎಂಬ ಸಲಹೆ.

ಹೀಗೆ ‘ಯಾವುದಕ್ಕೂ ಇರಲಿ’ ಎಂದು ಬಂದವರಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಇನ್ನೊಂದು ಏರು ಕಾದಿರುತ್ತದೆ. ಹತ್ತನೇ ತರಗತಿಯವರೆಗೆ ‘ವೇಗೋತ್ಕರ್ಷ’ ಎಂದು ಓದಿದ್ದು ಬೇಸಿಗೆ ರಜೆ ಕಳೆಯುವಷ್ಟರಲ್ಲಿ ‘ಆಕ್ಸಿಲರೇಶನ್’ ಆಗಿರುತ್ತದೆ. ‘ದ್ಯುತಿಸಂಶ್ಲೇಷಣೆ’ ಹೋಗಿ ‘ಫೋಟೊಸಿಂಥೆಸಿಸ್’ ಬಂದಿರುತ್ತದೆ. ವಿಷಯ ಗೊತ್ತು, ಹೆಸರು ಗೊತ್ತಿಲ್ಲ. ಮೊದಲ ಕಿರುಪರೀಕ್ಷೆಯಲ್ಲಿ ಅಂಕ ಬಿದ್ದ ಕೂಡಲೇ ಹುಡುಗ “ಫಿಸಿಕ್ಸ್ ನನಗೆ ಆಗಿಬರಲ್ಲ” ಎಂದು ತೀರ್ಮಾನಿಸುತ್ತಾನೆ. ಆಗಿಬರದಿದ್ದದ್ದು ಫಿಸಿಕ್ಸೋ ಇಂಗ್ಲಿಷೋ ಎಂದು ಬಿಡಿಸಿ ನೋಡಿ ಹೇಳುವವರು ಆ ಹೊತ್ತಿಗೆ ಪಕ್ಕದಲ್ಲಿರುವುದಿಲ್ಲ. ಎರಡು ವರ್ಷದ ಮೇಲೆ ಅವನು ಪದವಿಯ ಮೇಜಿನ ಮುಂದೆ ನಿಂತು “ಯಾವುದಾದ್ರೂ ಈಜಿ ಇರೋದು ಕೊಡಿ ಸರ್” ಎನ್ನುವಾಗ, ಆ ಮಾತಿನ ಹಿಂದೆ ಇಂಥದ್ದೊಂದು ತಪ್ಪು ಲೆಕ್ಕ ಇರುತ್ತದೆ.

ಹಲವು ಕೈಗಳ ಬರಹ

ಅರ್ಜಿಯ ‘ವಿಷಯ’ ಎಂಬ ಕಾಲಮ್ಮು ಒಂದಂಗುಲ ಜಾಗ. ಆ ಒಂದಂಗುಲಕ್ಕೆ ಎಷ್ಟು ಕೈ ಹಾಯುತ್ತವೆ!

ಮೊದಲ ಕೈ ಅಂಕದ್ದು. ತೊಂಬತ್ತರ ಮೇಲೆ ಬಂದರೆ ಸೈನ್ಸು, ಅರವತ್ತಕ್ಕೆ ಕಾಮರ್ಸು, ಅದಕ್ಕಿಂತ ಕೆಳಗಾದರೆ ಆರ್ಟ್ಸು ಎಂದು ಯಾರೂ ಬರೆಯದ ಕಾನೂನೊಂದು ಮನೆಮನೆಯಲ್ಲಿದೆ. ಸಮಾಜಶಾಸ್ತ್ರದಲ್ಲಿ ನಿಜವಾಗಿ ತಲೆಯಿರುವ ಹುಡುಗಿಗೆ ಶೇ 95 ಬಂದುಬಿಟ್ಟರೆ ಅದೇ ಅವಳ ದುರದೃಷ್ಟ. ಅಷ್ಟು ಅಂಕವನ್ನು ಬಿ.ಎ.ಗೆ ‘ಹಾಳು’ ಮಾಡಲು ಯಾವ ಅಪ್ಪ ಒಪ್ಪುತ್ತಾನೆ?

ಎರಡನೆಯದು ನೆಂಟರ ಕೈ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಚಿಕ್ಕಪ್ಪ ಹಬ್ಬಕ್ಕೆ ಬಂದಾಗ ಒಬ್ಬಟ್ಟು ಮುರಿಯುತ್ತ ಆಡಿದ ಒಂದು ಮಾತು ಹುಡುಗನ ನಾಲ್ಕು ವರ್ಷಕ್ಕೆ ಸಾಕು. ಎಂಜಿನಿಯರಿಂಗಿನಲ್ಲಿ ಕಂಪ್ಯೂಟರ್ ಸೈನ್ಸಿಗೆ ಮುಗಿಬೀಳುವುದು, ಸಿವಿಲ್ಲು ಮೆಕ್ಯಾನಿಕಲ್ಲುಗಳ ಬೆಂಚು ಖಾಲಿ ಉಳಿಯುವುದು, ಇವಕ್ಕೆ ಮಾರುಕಟ್ಟೆ ಎಷ್ಟು ಕಾರಣವೋ ಚಿಕ್ಕಪ್ಪಂದಿರೂ ಅಷ್ಟೇ ಕಾರಣ.

ಮೂರನೆಯದು ಸ್ನೇಹದ ಕೈ. “ಅವಳು ಏನು ತಗೋತಾಳೋ ಅದೇ ನನಗೂ.” ಹದಿನೆಂಟರ ವಯಸ್ಸಿಗೆ ಇದು ಮೂರ್ಖತನವೆಂದು ನನಗೆ ಅನ್ನಿಸುವುದಿಲ್ಲ. ಹಳ್ಳಿಯಿಂದ ಹೊಸ ಊರಿಗೆ ಒಬ್ಬಳೇ ಬರುವವಳಿಗೆ ಪಕ್ಕದ ಬೆಂಚಿನಲ್ಲಿ ಗುರುತಿನ ಮುಖ ಇರುವುದೂ ಓದಿನ ಒಂದು ಭಾಗವೇ.

ನಾಲ್ಕನೆಯ ಕೈ ಯಾರ ಕಣ್ಣಿಗೂ ಬೀಳುವುದಿಲ್ಲ: ಕಾಲೇಜಿನಲ್ಲಿ ಮೇಷ್ಟರಿದ್ದಾರೆಯೇ ಎಂಬುದು. ರಾಜ್ಯದಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು 400ಕ್ಕೂ ಹೆಚ್ಚಿವೆ. ಎಲ್ಲ ವಿಷಯವೂ ಎಲ್ಲ ಕಡೆ ಸಿಗುವುದಿಲ್ಲ. ಒಂದು ವರ್ಷ ಭೂಗೋಳಕ್ಕೆ ಐದೇ ಜನ ಸೇರಿದರೆ ಮರುವರ್ಷ ಆ ಕಾಂಬಿನೇಷನ್ ಮುಚ್ಚುತ್ತದೆ. ಒಬ್ಬ ಒಳ್ಳೆಯ ಅತಿಥಿ ಉಪನ್ಯಾಸಕ ಬೇರೆ ಕಡೆ ಹೋದರೆ ಅವನ ವಿಷಯವೂ ಅವನ ಹಿಂದೆಯೇ ಹೋಗುತ್ತದೆ. ವಿದ್ಯಾರ್ಥಿ ಆರಿಸುವುದು ಜ್ಞಾನದ ಇಡೀ ಪಟ್ಟಿಯಿಂದಲ್ಲ, ಆ ವರ್ಷ ಆ ಊರಿನಲ್ಲಿ ಉಳಿದ ಪಟ್ಟಿಯಿಂದ.

ವೃತ್ತಿ ಕೋರ್ಸಿನವರ ಕಥೆ ಬೇರೆ ಬಗೆ. ಪಿಯುಸಿಯ ಅಂಕ ಅರ್ಧ, ಸಿಇಟಿಯ ಅಂಕ ಅರ್ಧ ಸೇರಿ ಎಂಜಿನಿಯರಿಂಗ್ ರ‍್ಯಾಂಕು. ಆಮೇಲೆ ‘ಆಪ್ಷನ್ ಎಂಟ್ರಿ’ ಎಂಬ ಜಾಗರಣೆ. ಸೀಟು ಹಂಚಿಕೆಯಾದ ಮೇಲೆ ಪರೀಕ್ಷಾ ಪ್ರಾಧಿಕಾರ ನಾಲ್ಕು ಚಾಯ್ಸ್ ಕೊಡುತ್ತದೆ. ಒಂದು: ತೃಪ್ತಿಯಿದೆ, ಸೇರುತ್ತೇನೆ. ಎರಡು: ತೃಪ್ತಿಯಿದೆ, ಆದರೆ ಇದಕ್ಕಿಂತ ಒಳ್ಳೆಯದು ಬಂದರೆ ನೋಡುತ್ತೇನೆ. ಮೂರು: ತೃಪ್ತಿಯಿಲ್ಲ, ಮುಂದಿನ ಸುತ್ತಿಗೆ ಕಾಯುತ್ತೇನೆ. ನಾಲ್ಕು: ತೃಪ್ತಿಯಿಲ್ಲ, ಹೊರಟೆ. ಸರ್ಕಾರಿ ಕಂಪ್ಯೂಟರಿಗೆ ಇಷ್ಟು ಮನುಷ್ಯಜ್ಞಾನ ಎಲ್ಲಿಂದ ಬಂತೋ! ಬದುಕಿನಲ್ಲಿ ಬಹಳ ಜನ ‘ಚಾಯ್ಸ್ ಎರಡು’ ಒತ್ತಿ ಕೂತವರೇ.

ಸಾಲಿನಲ್ಲಿ ಸಿಕ್ಕ ವಿಷಯ

ನನ್ನದೂ ಹೇಳಿಬಿಡುತ್ತೇನೆ. ನಾನು ರಸಾಯನಶಾಸ್ತ್ರದ ಮೇಷ್ಟರಾದದ್ದು ಒಲವಿನಿಂದಲ್ಲ, ಸಾಲಿನಿಂದ. ನನ್ನ ಕಾಲಕ್ಕೆ ಎಲೆಕ್ಟ್ರಾನಿಕ್ಸ್ ಎಂಬುದು ಮಂತ್ರ. ರೇಡಿಯೊ ಬಿಚ್ಚಿ ಜೋಡಿಸಲು ಬಾರದಿದ್ದರೂ ಎಲ್ಲರಿಗೂ ಅದೇ ಬೇಕು. ನನ್ನ ಸರದಿ ಬರುವ ಹೊತ್ತಿಗೆ ಸೀಟು ಮುಗಿದಿತ್ತು. ಕಿಟಕಿಯ ಒಳಗಿನಿಂದ ಒಂದು ದನಿ, “ಪಿಸಿಎಂ ಇದೆ, ಬೇಕಾ? ಬೇಡಾಂದ್ರೆ ಪಕ್ಕಕ್ಕೆ ಸರೀರಿ” ಎಂದಿತು. ಹಿಂದೆ ನಿಂತವರು ದೂಕುತ್ತಿದ್ದರು. “ಬೇಕು” ಎಂದೆ. ನನ್ನ ಜೀವನದ ದೊಡ್ಡ ತೀರ್ಮಾನ ಅರ್ಧ ನಿಮಿಷದ್ದು.

ಮೊದಲ ವರ್ಷವಿಡೀ ಲ್ಯಾಬಿನಲ್ಲಿ ಮಾಡಿದ್ದು ಟೈಟ್ರೇಶನ್ನು. ಬ್ಯೂರೆಟ್ ತೊಳೆ, ತುಂಬು, ಓದು, ಬರೆ, ಮತ್ತೆ ತೊಳೆ. ಗೆಳೆಯರಿಗೆ ಅದು ಶಿಕ್ಷೆ. ಲೆಕ್ಕಕ್ಕೆ ಹೊಂದುವ ಅಂಕಿಯನ್ನು ಪಕ್ಕದವನಿಂದ ಇಳಿಸಿಕೊಂಡು ಕ್ಯಾಂಟೀನಿಗೆ ಓಡುತ್ತಿದ್ದರು. ನನಗೆ ಏಕೋ ಆ ಕೊನೆಯ ಹನಿಯ ಮೇಲೆ ಕಣ್ಣು. ನೀರಿನಂತಿದ್ದ ದ್ರಾವಣ ಒಂದೇ ಒಂದು ಹನಿಗೆ ತಿಳಿ ಗುಲಾಬಿಗೆ ತಿರುಗಿ, ಫ್ಲಾಸ್ಕನ್ನು ಅಲುಗಿಸಿದರೂ ಹಾಗೇ ನಿಲ್ಲುವ ಗಳಿಗೆ. ಅದಕ್ಕಾಗಿ ಮೂರು ಸಲ ತೊಳೆದು ಮೂರು ಸಲ ಮಾಡುವುದು ನನಗೆ ಕಷ್ಟವೆನಿಸಲಿಲ್ಲ. ಅದು ಪ್ರೀತಿಯೆಂದು ಆಗ ತಿಳಿದಿರಲಿಲ್ಲ. ಬೇರೆಯವರಿಗೆ ಬೇಸರವಾಗುವ ಕೆಲಸ ನನಗೆ ಬೇಸರವಾಗುತ್ತಿಲ್ಲ ಎಂದಷ್ಟೇ ಗೊತ್ತಿತ್ತು. ನನಗೆ ಈ ವಿಚಾರದಲ್ಲಿ ಹೇಳಲು ಇರುವುದು ಇದೊಂದೇ ಮಾತು: ವಿಷಯವನ್ನು ಅದರ ಹೆಸರು ನೋಡಿ ಆರಿಸಬೇಡಿ, ಅದರ ಬೇಸರ ನೋಡಿ ಆರಿಸಿ.

ಪಟ್ಟಿಯಲ್ಲೇ ಇಲ್ಲದ್ದು

ದೊಡ್ಡವರ ಬದುಕು ನೋಡಿದರೆ ಇಲ್ಲಿ ನೇರದಾರಿ ಎಂಬುದೇ ಇಲ್ಲ. ಸೆಪ್ಟೆಂಬರ್ 15ರಂದು ಯಾರ ಹುಟ್ಟುಹಬ್ಬವನ್ನು ಎಂಜಿನಿಯರುಗಳ ದಿನವೆಂದು ಆಚರಿಸುತ್ತೇವೋ ಆ ವಿಶ್ವೇಶ್ವರಯ್ಯನವರು ಮೊದಲು ಓದಿದ್ದು ಬಿ.ಎ., 1881ರಲ್ಲಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಎಂಜಿನಿಯರಿಂಗಿಗೆ ಪುಣೆಗೆ ಹೋದದ್ದು ಆಮೇಲೆ, ಮೈಸೂರು ಸರ್ಕಾರದ ನೆರವಿನಿಂದ. ಅದೇ ಸೆಂಟ್ರಲ್ ಕಾಲೇಜಿನಿಂದ 1951ರಲ್ಲಿ ಹೊರಬಂದ ಸಿ.ಎನ್.ಆರ್. ರಾವ್ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದುವ ಯೋಚನೆಯಲ್ಲಿದ್ದರು. ಅಧ್ಯಾಪಕರೊಬ್ಬರ ಮಾತು ಕೇಳಿ ಕಾಶಿಗೆ ರಸಾಯನಶಾಸ್ತ್ರದ ಎಂ.ಎಸ್ಸಿ.ಗೆ ಹೋದರು. ಗಿರೀಶ ಕಾರ್ನಾಡರು 1958ರಲ್ಲಿ ಧಾರವಾಡದಲ್ಲಿ ಪದವಿ ಪಡೆದದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರದಲ್ಲಿ. ಆಕ್ಸ್‌ಫರ್ಡಿನಲ್ಲಿ ಓದಿದ್ದು ತತ್ವಶಾಸ್ತ್ರ, ರಾಜಕೀಯ, ಅರ್ಥಶಾಸ್ತ್ರ. 1961ರಲ್ಲಿ ಪ್ರಕಟವಾದದ್ದು ನಾಟಕ, ‘ಯಯಾತಿ’.

ಭೈರಪ್ಪನವರದು ಇದಕ್ಕೆ ತದ್ವಿರುದ್ಧ. ಎಳವೆಯಲ್ಲೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡ ಹುಡುಗನಿಗೆ ಸಾವೆಂದರೇನು ಎಂಬ ಪ್ರಶ್ನೆ ಬೆನ್ನು ಹತ್ತಿತ್ತು. ಹೊಟ್ಟೆಗೇ ಇಲ್ಲದ ದಿನಗಳಲ್ಲೂ ಅವರು ಹಿಡಿದದ್ದು ತತ್ವಶಾಸ್ತ್ರವನ್ನು. ಸಂಬಳದ ಲೆಕ್ಕದಲ್ಲಿ ಅದಕ್ಕಿಂತ ತಲೆಕೆಟ್ಟ ಆಯ್ಕೆ ಇರಲಾರದು. ಇಂಥ ಪ್ರಶ್ನೆ ಹೊತ್ತು ಬರುವವರಿಗೆ ಮೇಷ್ಟರ ಸಲಹೆ ಬೇಕಿಲ್ಲ; ದಾರಿ ಬಿಟ್ಟರೆ ಸಾಕು. ಆದರೆ ಹಾಗೆ ಬರುವವರು ನೂರಕ್ಕೊಬ್ಬರು. ಉಳಿದ ತೊಂಬತ್ತೊಂಬತ್ತು ಮಂದಿಗೆ ಹದಿನೆಂಟರಲ್ಲಿ ಯಾವ ಪ್ರಶ್ನೆಯೂ ಇರುವುದಿಲ್ಲ. ಅದು ಅವರ ತಪ್ಪೂ ಅಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸುವುದು ಕುವೆಂಪು ಅವರ ಸಂಗತಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಬಿ.ಎ.ಗೆ ಅವರ ವಿಷಯ ತತ್ವಶಾಸ್ತ್ರ. ಅವರು ಕಾಲೇಜಿಗೆ ಕಾಲಿಟ್ಟಾಗ ಕನ್ನಡದಲ್ಲಿ ಎಂ.ಎ. ಎಂಬುದೇ ಇರಲಿಲ್ಲ. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾಲಯ ಕನ್ನಡ ಎಂ.ಎ. ತೆರೆದದ್ದು 1927ರಲ್ಲಿ. ಆ ಮೊದಲ ತಂಡದಲ್ಲೇ ಅವರು ಸೇರಿ 1929ರಲ್ಲಿ ಮುಗಿಸಿದರು. ಯಾವ ವಿಷಯದಿಂದ ಅವರನ್ನು ನಾಡು ಗುರುತಿಸಿತೋ ಅದು ಅವರು ಆರಿಸುವ ವಯಸ್ಸಿನಲ್ಲಿ ಪಟ್ಟಿಯಲ್ಲೇ ಇರಲಿಲ್ಲ. ಇವತ್ತು ಎಂಜಿನಿಯರಿಂಗ್ ಕಾಲೇಜುಗಳ ಬೋರ್ಡಿನ ಮೇಲಿರುವ ‘ಡೇಟಾ ಸೈನ್ಸ್’ ಅದನ್ನು ಓದುವ ಮಕ್ಕಳ ಅಪ್ಪಂದಿರ ಕಾಲಕ್ಕೆ ಇತ್ತೇ? ಹತ್ತು ವರ್ಷದ ಮೇಲೆ ಬೋರ್ಡಿನ ಮೇಲೆ ಏನಿರುತ್ತದೆಂದು ಯಾವ ಚಿಕ್ಕಪ್ಪನಿಗೂ ಗೊತ್ತಿಲ್ಲ. ಪಟ್ಟಿಯೇ ಬದಲಾಗುವಾಗ ಕೈಯಲ್ಲಿ ಉಳಿಯುವುದು ವಿಷಯದ ಹೆಸರಲ್ಲ, ಅದು ಕಲಿಸಿದ ಕೆಲಸದ ರೂಢಿ.

ವಿಷಯಗಳ ದಿನಗೂಲಿ

ಪ್ರತಿ ವಿಷಯಕ್ಕೂ ಒಂದು ಮೆರವಣಿಗೆಯ ಮುಖವಿದೆ, ಒಂದು ದಿನಗೂಲಿಯ ಮುಖವಿದೆ. ಮಾರ್ಗದರ್ಶನ ಶಿಬಿರಗಳಲ್ಲಿ ಕಾಣುವುದು ಮೊದಲಿನದು. ಮೂರು ವರ್ಷ ಜೊತೆಗಿರುವುದು ಎರಡನೆಯದು.

ಮನಶ್ಶಾಸ್ತ್ರವನ್ನೇ ತೆಗೆದುಕೊಳ್ಳಿ. ಈಚೆಗೆ ಅದನ್ನು ಕೇಳಿಕೊಂಡು ಬರುವವರು ಜಾಸ್ತಿ. “ಜನರ ಮನಸ್ಸು ಓದೋದು ಇಷ್ಟ ಸರ್” ಎನ್ನುತ್ತಾರೆ. ಮೈಸೂರಿನಲ್ಲಿ ಈ ವಿಭಾಗ 1924ರಷ್ಟು ಹಳೆಯದು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ ಮುಂದೆ ತಮ್ಮ ಮನೆಯಿಂದ ರೇಡಿಯೊ ಕೇಂದ್ರ ನಡೆಸಿ, ‘ಆಕಾಶವಾಣಿ’ ಎಂಬ ಹೆಸರು ಬಳಕೆಗೆ ಬರಲು ಕಾರಣರಾದವರು. ‘ಶರಪಂಜರ’ದ ತ್ರಿವೇಣಿಯವರು ಮೈಸೂರಿನಲ್ಲಿ ಓದಿದ್ದೂ ಮನಶ್ಶಾಸ್ತ್ರವನ್ನೇ. ಇದು ಮೆರವಣಿಗೆ. ದಿನಗೂಲಿಯಲ್ಲಿ ಏನಿದೆ? ಅಂಕಿಸಂಖ್ಯೆ ಇದೆ. ಸರಾಸರಿ, ವಿಚಲನೆ, ಸಹಸಂಬಂಧ. ಒಂದೇ ಪ್ರಯೋಗವನ್ನು ಹತ್ತು ಜನರ ಮೇಲೆ ಮಾಡಿ ಸೆಕೆಂಡುಗಳನ್ನು ಗುರುತು ಹಾಕಿಕೊಂಡು ಕೋಷ್ಟಕ ಬರೆಯುವುದು. ಲೆಕ್ಕಕ್ಕೆ ಹೆದರಿ ಕಲಾ ವಿಭಾಗಕ್ಕೆ ಬಂದವರನ್ನು ಲೆಕ್ಕ ಇಲ್ಲಿ ಹಿಂಬಾಗಿಲಿನಿಂದ ಬಂದು ಹಿಡಿಯುತ್ತದೆ. ಅರ್ಥಶಾಸ್ತ್ರದಲ್ಲೂ ಅಷ್ಟೆ. ಪಿಯುಸಿಯಲ್ಲಿ ಕಥೆಯಂತಿದ್ದದ್ದು ಎಂ.ಎ. ಹೊತ್ತಿಗೆ ಕಲನಶಾಸ್ತ್ರವಾಗಿರುತ್ತದೆ.

ಇತಿಹಾಸವೆಂದರೆ ರಾಜರ ಕಥೆ ಎಂದುಕೊಂಡವರು ಶಾಸನದ ಪಡಿಯಚ್ಚು ತೆಗೆಯುವವರ ಜೊತೆ ಒಂದು ದಿನ ಬಿಸಿಲಲ್ಲಿ ನಿಲ್ಲಬೇಕು. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಬಡಿದು, ಅಕ್ಷರದ ಗುಣಿಯೊಳಕ್ಕೆ ಕಾಗದ ಇಳಿಯುವಂತೆ ಮಾಡಿ, ಮೇಲೆ ಮಸಿ ತಟ್ಟಬೇಕು. ಸವೆದ ಒಂದು ಅಕ್ಷರ ‘ವ’ನೋ ‘ಮ’ನೋ ಎಂದು ಒಂದು ಮಧ್ಯಾಹ್ನ ಕಳೆಯಬೇಕು. ಬಿ.ಎಲ್. ರೈಸ್ 1886ರಿಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ಹೊರತರತೊಡಗಿದರಲ್ಲ, ಅದರ ಹಿಂದೆ ಇದ್ದದ್ದು ಇಂಥ ಸಾವಿರಾರು ಮಧ್ಯಾಹ್ನಗಳು. ಆ ಒಂದಕ್ಷರ ಸಿಕ್ಕಾಗ ನಿಮ್ಮ ಮೈ ಜುಮ್ಮೆಂದರೆ ಇತಿಹಾಸ ನಿಮ್ಮದು. “ಇಷ್ಟಕ್ಕೆ ಇಷ್ಟೊತ್ತಾ?” ಎನ್ನಿಸಿದರೆ ಅಲ್ಲ.

ಭೂವಿಜ್ಞಾನದ್ದು ಸುತ್ತಿಗೆ ಹಿಡಿದು ನಡೆಯುವ ಬೇಸರ. ಲಾಲ್‌ಬಾಗಿನ ಬಂಡೆಯ ಮೇಲೆ ಸಂಜೆ ಫೋಟೊ ತೆಗೆಸಿಕೊಳ್ಳುವವರು ಸಾವಿರ. ಅದು ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ ಎಂದು ಬಗ್ಗಿ, ಅದರ ಪಟ್ಟೆಗಳನ್ನು ಬೆರಳಲ್ಲಿ ಹಿಂಬಾಲಿಸುವವರು ಒಬ್ಬಿಬ್ಬರು. ಆ ಒಬ್ಬಿಬ್ಬರಿಗಾಗಿ ಆ ವಿಷಯ ಇದೆ. ಕಾಮರ್ಸಿನ ಬೇಸರ ಹತ್ತು ರೂಪಾಯಿಯದು: ಎರಡೂ ಕಡೆಯ ಮೊತ್ತ ಹತ್ತು ರೂಪಾಯಿಯಷ್ಟು ಕೂಡಿಬರುತ್ತಿಲ್ಲ, ಅದೆಲ್ಲಿ ತಪ್ಪಿತು ಎಂದು ರಾತ್ರಿ ಹನ್ನೊಂದರವರೆಗೆ ಹುಡುಕುವುದು. ಕಂಪ್ಯೂಟರಿನ ಬೇಸರ ಬೇರೆಯವರು ಬರೆದ ಕೋಡನ್ನು ಓದುವುದು, ಒಂದು ಅರ್ಧವಿರಾಮ ಬಿಟ್ಟುಹೋದದ್ದನ್ನು ಎರಡು ತಾಸು ಹುಡುಕುವುದು. ಪತ್ರಿಕೋದ್ಯಮದ ಬೇಸರ ಫೋನೆತ್ತದವರಿಗೆ ಏಳನೇ ಸಲ ಫೋನು ಮಾಡುವುದು. ಕ್ಯಾಮೆರಾದ ಮುಂದೆ ನಿಲ್ಲುವುದು ಅದರಲ್ಲಿ ವೀಸದಷ್ಟು.

ಜಾಣತನವಿದ್ದರೆ ಯಾವ ವಿಷಯದಲ್ಲೂ ಪಾಸಾಗಬಹುದು. ಆದರೆ ನಲವತ್ತು ವರ್ಷ ಬಾಳುವುದು ಜಾಣತನದ ಜೊತೆಗಲ್ಲ, ಬೇಸರದ ಜೊತೆಗೆ. ಯಾವ ಬೇಸರವನ್ನು ನೀವು ಗೊಣಗದೆ ಹೊರಬಲ್ಲಿರೋ ಅದೇ ನಿಮ್ಮ ವಿಷಯ.

ಅಕ್ಕಿ ಆರಿಸುವ ಹಾಗೆ

ಹಾಗಾದರೆ ಅದನ್ನು ಮೊದಲೇ ತಿಳಿಯುವುದು ಹೇಗೆ? ಖರ್ಚಿಲ್ಲದ ದಾರಿಗಳಿವೆ.

ಕೊನೆಯ ಸೆಮಿಸ್ಟರಿನ ಪ್ರಶ್ನೆಪತ್ರಿಕೆಯನ್ನು ಕೇಳಿ ಪಡೆಯಿರಿ. ಮೊದಲ ಸೆಮಿಸ್ಟರಿನ ಪಾಠ ಎಲ್ಲ ವಿಷಯದಲ್ಲೂ ಸುಲಭವಾಗಿಯೇ ಇರುತ್ತದೆ. ವಿಷಯದ ನಿಜವಾದ ಮುಖ ಕೊನೆಯ ಪತ್ರಿಕೆಯಲ್ಲಿದೆ. ಉತ್ತರ ಗೊತ್ತಿರಬೇಕಿಲ್ಲ. ಆ ಪ್ರಶ್ನೆಗಳನ್ನು ಓದಿ, ಇದರಲ್ಲಿ ಒಂದಕ್ಕಾದರೂ ಉತ್ತರ ತಿಳಿಯಬೇಕು ಎನ್ನಿಸುತ್ತದೆಯೇ ನೋಡಿ. ಎರಡನೆಯದು, ಸೀನಿಯರೊಬ್ಬರ ರೆಕಾರ್ಡ್ ಪುಸ್ತಕ, ಜರ್ನಲ್, ಅಸೈನ್‌ಮೆಂಟು ತಿರುವಿಹಾಕಿ. ಅವರು ಮೂರು ವರ್ಷ ಕೈಯಿಂದ ಏನು ಮಾಡಿದರು ಎಂಬುದು ಅಲ್ಲಿದೆ. ಮೂರನೆಯದು, ಆ ವಿಷಯ ಓದಿ ಐದು ವರ್ಷವಾದವರನ್ನು ಹುಡುಕಿ. ಸಂಬಳ ಕೇಳಬೇಡಿ; “ನಿನ್ನೆ ಬೆಳಗಿನಿಂದ ಸಂಜೆವರೆಗೆ ಏನು ಮಾಡಿದ್ರಿ?” ಎಂದು ಕೇಳಿ.

ಹೊಟ್ಟೆಪಾಡಿನ ಲೆಕ್ಕವನ್ನೂ ಬಿಡುವಂತಿಲ್ಲ. ಭಾಗ್ಯವಂತರ ಮಕ್ಕಳಿಗೆ ಆಸಕ್ತಿಯೊಂದೇ ಸಾಕು. ಮನೆಯ ಸಾಲಕ್ಕೆ ಹೆಗಲು ಕೊಡಬೇಕಾದ ಮಗಳಿಗೆ ಸಾಲದು. ಹಾಗಾಗಿ ಮುಂದೆ ಯಾವ ಬಾಗಿಲು ಯಾವ ಕೀಲಿಗೆ ತೆರೆಯುತ್ತದೆಂದು ಈಗಲೇ ನೋಡಿಕೊಳ್ಳಬೇಕು. ಶಾಲೆಯ ಮೇಷ್ಟರಾಗುವ ಆಸೆಯಿದ್ದರೆ ಶಾಲೆಯಲ್ಲಿ ಪಾಠವಾಗುವ ವಿಷಯಗಳು ಪದವಿಯಲ್ಲಿರಲಿ. ಪ್ರೌಢಶಾಲೆಯ ನೇಮಕಾತಿಯಲ್ಲಿ ಪಿಸಿಎಂ ಹುದ್ದೆಯೇ ಬೇರೆ, ಸಿಬಿಜೆಡ್ ಹುದ್ದೆಯೇ ಬೇರೆ. ಎಂ.ಎಸ್ಸಿ. ಮಾಡುವುದಾದರೆ ಆ ವಿಷಯವನ್ನು ಬಿ.ಎಸ್ಸಿ.ಯಲ್ಲಿ ಕೈಬಿಡುವಂತಿಲ್ಲ. ಐಎಎಸ್, ಕೆಎಎಸ್ ಕನಸಿನವರಿಗೆ ಯಾವ ಪದವಿಯಾದರೂ ಸರಿ. ಅಂಥವರು ‘ಪರೀಕ್ಷೆಗೆ ಅನುಕೂಲ’ ಎಂದು ಒಲ್ಲದ ವಿಷಯ ಹಿಡಿಯುವುದೇ ದೊಡ್ಡ ಅನನುಕೂಲ.

ಅಕ್ಕಿ ಆರಿಸುವಾಗ ನಮ್ಮ ಅಮ್ಮಂದಿರು ಒಳ್ಳೆಯ ಕಾಳನ್ನು ಎತ್ತಿಡುತ್ತಿರಲಿಲ್ಲ. ಕಲ್ಲನ್ನು ಎತ್ತಿ ಬಿಸಾಡುತ್ತಿದ್ದರು. ವಿಷಯ ಆರಿಸುವುದಕ್ಕೂ ಅದೇ ಸರಿಯಾದ ಕ್ರಮ. ಮೊರದ ತುಂಬ ಇರುವುದರಲ್ಲಿ ಯಾವುದು ಶ್ರೇಷ್ಠ ಎಂದು ಹುಡುಕುತ್ತ ಕೂತರೆ ಒಲೆಯ ಮೇಲಿನ ಎಸರು ಇಂಗಿಹೋಗುತ್ತದೆ. ಯಾವುದು ಖಂಡಿತ ಆಗದು ಎಂಬುದನ್ನು ತೆಗೆದುಹಾಕಿ. ಉಳಿದದ್ದರಲ್ಲಿ ಯಾವುದಾದರೂ ಬೇಯುತ್ತದೆ.

ತಪ್ಪಿದರೆ? ತಪ್ಪುತ್ತದೆ. ಅಮೆರಿಕದಲ್ಲಿ ಪದವಿಗೆ ಸೇರಿದವರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಮಂದಿ ಮೂರು ವರ್ಷದೊಳಗೆ ಒಮ್ಮೆಯಾದರೂ ಮೇಜರ್ ಬದಲಾಯಿಸುತ್ತಾರೆಂದು ಅಲ್ಲಿನ ಸರ್ಕಾರದ 2017ರ ವರದಿ ಹೇಳಿತು. ಸುತ್ತಿ ನೋಡಲು ಎರಡು ವರ್ಷ ಕೊಟ್ಟ ಕಡೆಯೇ ಹೀಗೆ. ಗೂಟ ಹೊಡೆದು ಕಳಿಸುವ ನಮ್ಮಲ್ಲಿ ಬದಲಾಯಿಸುವ ಆಸೆ ಇನ್ನೂ ಹೆಚ್ಚಿರಬೇಕು. ಆದರೆ ಅದನ್ನು ಬಾಯಿಬಿಟ್ಟು ಹೇಳಿದವನಿಗೆ ‘ಓದು ಬಿಟ್ಟವನು’ ಎಂಬ ಹೆಸರು ಬೀಳುತ್ತದೆ. ಮನೆಯವರಿಗೆ ನನ್ನ ವಿನಂತಿ ಇಷ್ಟೆ: ಮಗ ಮೊದಲ ಸೆಮಿಸ್ಟರಿನಲ್ಲಿ “ಇದು ನನಗಾಗ್ತಿಲ್ಲ” ಎಂದರೆ, ಮೊದಲ ವರ್ಷದ ಫೀಸು ಹೋಯಿತೆಂದು ಇನ್ನೆರಡು ವರ್ಷವನ್ನೂ ಅದರ ಹಿಂದೆ ಕಳಿಸಬೇಡಿ.

ಇನ್ನು ಆ ಹುಡುಗಿ. ಅಪ್ಪ ಕೊಟ್ಟ ಕವರಿನಲ್ಲಿ ಅವಳ ಅಂಕಪಟ್ಟಿ ನೋಡಿದೆ. ರಸಾಯನಶಾಸ್ತ್ರದಲ್ಲಿ ಎಲ್ಲಕ್ಕಿಂತ ಜಾಸ್ತಿ ಬಂದಿತ್ತು. ನನ್ನ ವಿಷಯವೆಂದು ಎಳೆದುಕೊಳ್ಳುವ ಆಸೆ ಆಗದೆ ಇರಲಿಲ್ಲ. ಸುಮ್ಮನಿದ್ದು, “ಕೊನೇ ದಿನಾಂಕಕ್ಕೆ ಇನ್ನೂ ನಾಲ್ಕು ದಿನ ಇದೆಯಮ್ಮ, ಯೋಚನೆ ಮಾಡ್ಕೊಂಡು ಬಾ” ಎಂದೆ. ಎದ್ದು ಬಾಗಿಲವರೆಗೆ ಹೋದವಳು ತಿರುಗಿ ಬಂದಳು.

“ಸರ್, ಲ್ಯಾಬಲ್ಲಿ ಅಷ್ಟೊತ್ತು ಏನ್ ಮಾಡ್ತಾರೆ?”

ಅಷ್ಟು ದಿನದಲ್ಲಿ ಆ ಮೇಜಿನ ಮುಂದೆ ಇದನ್ನು ಕೇಳಿದವರು ಯಾರೂ ಇರಲಿಲ್ಲ. ಅಟೆಂಡರ್ ಕೈಯಿಂದ ಕೀಲಿ ತೆಗೆದುಕೊಂಡು ಅಪ್ಪ ಮಗಳಿಬ್ಬರನ್ನೂ ಲ್ಯಾಬಿಗೆ ಕರೆದೊಯ್ದೆ. ರಜೆಯಲ್ಲಿ ಧೂಳು ಹಿಡಿದಿದ್ದ ಒಂದು ಬ್ಯೂರೆಟ್ಟು ಕೊಟ್ಟು, “ಮೊದಲು ಇದನ್ನ ತೊಳಿ” ಎಂದೆ. ಗಡಿಯಾರ ಮೂರೂ ಮುಕ್ಕಾಲು ತೋರಿಸುತ್ತಿತ್ತು. ಅಪ್ಪ ಬಾಗಿಲಲ್ಲಿ ನಿಂತು ರಸ್ತೆಯ ಕಡೆ ನೋಡುತ್ತಿದ್ದರು. ಅವಳು ನಲ್ಲಿ ತಿರುಗಿಸಿದಳು.